ಆಯುಧಪೂಜೆಯ ಮರುದಿನದ ನೀಲಿ ಪರದೆ

ಮರಗತಂ ಟೀಚರ್ ಅವರನ್ನು ಕಣ್ಣಳತೆಯಲ್ಲೇ ತೂಗಿದರೆ ನಲವತ್ತಾರು ಕಿಲೋ ಬರುತ್ತಾರೆ. ಹೆಗಲ ಚೀಲ ಸೇರಿಸಿದರೆ ಐವತ್ತೆರಡು. ಐವತ್ತೇಳು ವರ್ಷ ಬಳಸಿದ ಸರಕು. ಹೊರಗಿನ ಬಣ್ಣ ಅಲ್ಲಲ್ಲಿ ಮಾಸಿದೆ, ಒಳಗೆ ಎಲ್ಲೂ ತುಕ್ಕಿಲ್ಲ. ಕನ್ನಡಕದ ಒಂದು ಕಾಲಿಗೆ ತಾಮ್ರದ ತಂತಿ ಸುತ್ತಿದೆ; ಅದು ಬಡತನಕ್ಕಲ್ಲ, ಇನ್ನೊಂದು ಕಾಲು ಗಟ್ಟಿಯಾಗಿರುವಾಗ ಹೊಸ ಕನ್ನಡಕ ಯಾಕೆ ಎಂಬ ವಾದಕ್ಕೆ. ಕಾಲಿಗೆ ಗಂಡಸರ ಚಪ್ಪಲಿ, ಏಕೆಂದರೆ ಅದು ಎರಡು ವರ್ಷ ಹೆಚ್ಚು ಬಾಳುತ್ತದೆ. ಇಂಥ ಸರಕನ್ನು ಯಾರೂ ಅಂಗಡಿಯ ಮುಂದಿನ ಸಾಲಿನಲ್ಲಿ ಇಡುವುದಿಲ್ಲ. ಮೊದಲ ಸಲ ನೋಡಿದಾಗ ನಾನೂ, ಒಂದು ಫ್ಯೂಸಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ಗಿರಾಕಿ ಎಂದೇ ಬೆಲೆ ಕಟ್ಟಿದ್ದೆ. ಅಂದಾಜು ತಪ್ಪಿತು. ಅವರು ಚೌಕಾಸಿ ಮಾಡುವುದೇ ಇಲ್ಲ. ನೀವು ಬೆಲೆ ಹೇಳಿದ ಮೇಲೆ ಸುಮ್ಮನೆ ನಿಮ್ಮನ್ನೇ ನೋಡುತ್ತಾ ನಿಲ್ಲುತ್ತಾರೆ. ಇಪ್ಪತ್ತೆರಡು ವರ್ಷ ತಪ್ಪು ಅಕ್ಷರ ಒತ್ತಿದ ಬೆರಳುಗಳನ್ನು ನೋಡಿದ ನೋಟ ಅದು. ಬೆಲೆ ತಾನಾಗಿಯೇ ಇಳಿಯುತ್ತದೆ.

ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ಅವರ ಟೈಪಿಂಗ್ ಶಾಲೆ ಇತ್ತು. ಆ ಬೀದಿಯ ಅರ್ಧ ಜನ ಅಲ್ಲಿ ಬೆರಳು ನೋಯಿಸಿಕೊಂಡವರೇ. ಟೈಪಿಂಗ್ ಕಲಿಯುವವರು ಇಲ್ಲವಾದಾಗ ಟೀಚರ್ ಅಳಲಿಲ್ಲ, ಬೀಳ್ಕೊಡುಗೆ ಸಮಾರಂಭವನ್ನೂ ಇಟ್ಟುಕೊಳ್ಳಲಿಲ್ಲ. ಹದಿನಾಲ್ಕು ಟೈಪ್‌ರೈಟರ್‌ಗಳನ್ನು ಗುಜರಿಗೆ ಕೊಟ್ಟು, ಬಂದದ್ದರಲ್ಲಿ ಒಂದು ಹಳೆಯ ಕಂಪ್ಯೂಟರ್ ತಂದು, ನೆಲದ ಮೇಲೆ ಹಳೆಯ ಸೀರೆ ಹಾಸಿ, ಅದನ್ನು ಪೂರ್ತಿ ಬಿಚ್ಚಿದರು. ಮತ್ತೆ ಜೋಡಿಸಿದರು. ಮತ್ತೆ ಬಿಚ್ಚಿದರು. ಮೂರು ತಿಂಗಳು ಇದೇ. ನಾಲ್ಕನೇ ತಿಂಗಳಿಗೆ ಬೀದಿಯ ಕಾರ್ಖಾನೆಗಳಿಂದ ಕರೆ ಬರಲು ಶುರುವಾಯಿತು. ಕಂಪ್ಯೂಟರ್ ಕೆಟ್ಟರೆ ಮರಗತಂ ಟೀಚರ್; ಅದು ಬೀದಿಯ ಬಾಯಿಮಾತಾಯಿತು.

ಅವರ ಕೆಲಸದ ಕ್ರಮವೇ ಒಂದು ಬಗೆ. ಹೋದ ಕೂಡಲೇ ಕಂಪ್ಯೂಟರ್ ಮುಟ್ಟುವುದಿಲ್ಲ. ಚೀಲದಿಂದ ಗೆರೆ ಹಾಕಿದ ಉದ್ದನೆಯ ಪುಸ್ತಕ ತೆಗೆಯುತ್ತಾರೆ. "ಏನು ಮಾಡಿದ್ರಿ?" ಎಂದು ಕೇಳುತ್ತಾರೆ. ಎಲ್ಲರೂ "ಏನೂ ಮಾಡಿಲ್ಲ ಟೀಚರ್" ಎನ್ನುತ್ತಾರೆ. ಟೀಚರ್ ದಿನಾಂಕ ಹಾಕಿ, 'ನಾನು ಏನೂ ಮಾಡಿಲ್ಲ' ಎಂದು ಬರೆದು, ಹೇಳಿದವರ ಸಹಿ ಹಾಕಿಸಿಕೊಳ್ಳುತ್ತಾರೆ. ಆಮೇಲಷ್ಟೇ ಸ್ಕ್ರೂಡ್ರೈವರ್. ಆ ಪುಸ್ತಕದಲ್ಲಿ ಕಾರ್ಖಾನೆ ಮಾಲೀಕರು, ಒಬ್ಬ ಪಾದ್ರಿ, ಎರಡು ವಿವಿಧೋದ್ದೇಶ ಸಹಕಾರ ಸಂಘಗಳ ಕಾರ್ಯದರ್ಶಿಗಳು ಎಲ್ಲರೂ ಏನೂ ಮಾಡಿಲ್ಲ. ಹಾಗೆ ನೋಡಿದರೆ ಗಣಪತಿ ಬಡಾವಣೆಯಲ್ಲಿ ಹತ್ತು ವರ್ಷದಿಂದ ಯಾರೂ ಏನೂ ಮಾಡಿಲ್ಲ.

ಆ ವರ್ಷ ಆಯುಧಪೂಜೆ ಕಳೆದ ನಾಲ್ಕನೇ ದಿನ, ಗುರುವಾರ ಬೆಳಗ್ಗೆ, ನಾಚಿಮುತ್ತುವಿನಿಂದ ಕರೆ ಬಂತು. ನಾಚಿಮುತ್ತುವಿನದು ನಾಲ್ಕು ಲೇತ್‌ಗಳ ಕಾರ್ಖಾನೆ. ಪಂಪಿನ ಕಂಪನಿಯೊಂದಕ್ಕೆ ಬಿಡಿಭಾಗ ಕಡೆದುಕೊಡುವ ಕೆಲಸ. ಮೂರು ಲೇತ್‌ಗಳನ್ನು ಕೈಯಲ್ಲೇ ಓಡಿಸುತ್ತಾರೆ. ನಾಲ್ಕನೆಯದು ದೊಡ್ಡದು, ಹಳೆಯದು, ಅನ್ನ ಹಾಕುವುದು. ಎಲ್ಲಿ ಎಷ್ಟು ಕಡೆಯಬೇಕೆಂಬ ಪಟ್ಟಿಯನ್ನು ಅದಕ್ಕೆ ಕಂಪ್ಯೂಟರಿನಿಂದ ಒಂದು ವೈರಿನ ಮೂಲಕ ಕಳಿಸಬೇಕು. ಆ ಲೇತಿನ ಮುಂದೆ ಹತ್ತೊಂಬತ್ತು ವರ್ಷದಿಂದ ನಿಂತಿರುವವನು ಕಾಳಿಯಪ್ಪ. ಲೇತಿನ ಸದ್ದು ಕೇಳಿಯೇ ಅದಕ್ಕೆ ಹಸಿವೋ ನೆಗಡಿಯೋ ಹೇಳಬಲ್ಲವನು ಎಂದು ಅವನಿಗೆ ಹೆಸರು.

ಟೀಚರ್ ಒಳಗೆ ಕಾಲಿಟ್ಟಾಗ ನಾಚಿಮುತ್ತು ಎದ್ದು ನಿಂತ. ನಾಲ್ಕು ಲೇತ್ ಮತ್ತು ಒಂದು ಕಾರಿನ ಯಜಮಾನ. ಆದರೆ ಟೈಪಿಂಗಿನ ಲೋಯರ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದವನು, ಅದನ್ನು ಮರೆಯಲು ಟೀಚರ್ ಬಿಟ್ಟಿಲ್ಲ.

"ಬನ್ನಿ ಟೀಚರ್, ಕೂತ್ಕೊಳ್ಳಿ. ಕಾಫಿ ತರಿಸ್ಲಾ?"

"ಕಾಫಿ ಆಮೇಲೆ. ಏನಾಯ್ತಪ್ಪ?"

"ನೀಲಿ ಆಗ್ಬಿಡುತ್ತೆ ಟೀಚರ್. ಲೇತಿಗೆ ಪ್ರೋಗ್ರಾಮ್ ಕಳಿಸು ಅಂತ ಒತ್ತಿದ್ರೆ ಸಾಕು, ಪರದೆ ಪೂರ್ತಿ ನೀಲಿ. ಅಳೋ ಮುಖ ಒಂದು ಬರುತ್ತೆ. ಏನೋ ಇಂಗ್ಲಿಷಲ್ಲಿ ಕ್ಷಮೆ ಕೇಳುತ್ತೆ. ಆಮೇಲೆ ತಾನೇ ಸತ್ತು ತಾನೇ ಹುಟ್ಟುತ್ತೆ."

"ಯಾವತ್ತಿಂದ?"

"ವಿಜಯದಶಮಿ ಬೆಳಗ್ಗೆಯಿಂದ. ಪೂಜೆ ಹಿಂದಿನ ದಿನದವರೆಗೂ ಚಿನ್ನದಂಗಿತ್ತು."

"ಏನು ಮಾಡಿದ್ರಿ?"

"ಏನೂ ಮಾಡಿಲ್ಲ ಟೀಚರ್!"

ಪುಸ್ತಕ ಮುಂದಕ್ಕೆ ಬಂತು. ನಾಚಿಮುತ್ತು ಸಹಿ ಹಾಕಿದ.

ಆಗಲೇ ಮೂರು ಜನ ಪಂಡಿತರು ಬಂದು ಹೋಗಿದ್ದರು. ಲೇತ್ ರಿಪೇರಿಯವರು ಬಂದು ಲೇತಿನದೇನೂ ತಪ್ಪಿಲ್ಲ, ಕಂಪ್ಯೂಟರಿನದು ಎಂದರು. ಕಂಪ್ಯೂಟರಿನವರು ಬಂದು ಕಂಪ್ಯೂಟರಿನದೇನೂ ತಪ್ಪಿಲ್ಲ, ಕರೆಂಟಿನದು ಎಂದರು. ಕರೆಂಟಿನವರು ಕರೆಂಟಿನದೇನೂ ತಪ್ಪಿಲ್ಲ, ಭೂಮಿಯದು ಎಂದು ಹೇಳಿ ಅರ್ತ್ ಗುಂಡಿಗೆ ಒಂದು ಮೂಟೆ ಉಪ್ಪು, ಒಂದು ಮೂಟೆ ಇದ್ದಿಲು ಸುರಿದು ಹೋದರು. ಭೂಮಿ ಬಾಯಿಬಿಟ್ಟು ತನ್ನದಲ್ಲ ಎನ್ನಲಾರದ್ದರಿಂದ ವಿಚಾರಣೆ ಅಲ್ಲಿಗೆ ನಿಂತಿತ್ತು. ಅದನ್ನು ಮುಂದಕ್ಕೆ ಒಯ್ದವರು ನಾಚಿಮುತ್ತುವಿನ ತಾಯಿ.

ಅವರನ್ನು ಎಲ್ಲರೂ ಆತ್ತಾ, ಅಂದರೆ ಅಮ್ಮ, ಎನ್ನುತ್ತಾರೆ. ಎಂಬತ್ತರ ಹತ್ತಿರ. ಕ್ಯಾಲೆಂಡರಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎಲೆ ಅಡಿಕೆ ಕುಟ್ಟುತ್ತಾ ಇಡೀ ಕಾರ್ಖಾನೆಯನ್ನು ನಡೆಸುತ್ತಾರೆ. ಈ ಸೀಮೆಯಲ್ಲಿ ಬೈಯುವಾಗಲೂ ಯಾರೂ ಬಹುವಚನ ಬಿಡುವುದಿಲ್ಲ. ಆತ್ತಾ ಅಂತೂ ಬೀದಿನಾಯಿಗೂ "ಆ ಕಡೆ ಹೋಗ್ರಿ" ಎನ್ನುವವರು.

"ಟೀಚರಮ್ಮಾ, ನೀವು ಆ ಪೆಟ್ಟಿಗೆ ಬಿಚ್ಚೋದು ಬೇಡಾರೀ. ತಪ್ಪು ಪೆಟ್ಟಿಗೇದಲ್ಲ. ಕೈದು."

"ಯಾರ ಕೈದು ಆತ್ತಾ?"

"ಇನ್ಯಾರದು? ಅಗೋ ನಿಂತಿದಾರಲ್ಲ ಕಾಳಿಯಪ್ಪನವರು, ಅವರ ಕೈದು. ಪೂಜೆ ದಿನ ಆಯುಧ ಮಲಗಿರುತ್ತೆ. ಮುಟ್ಟಬಾರದು. ನನ್ನ ಕೈಯಾರೆ ಆ ಲೇತನ್ನ ಒರೆಸಿ, ಗಂಧ ಕುಂಕುಮ ಇಟ್ಟು, ಚೆಂಡುಹೂವಿನ ಸರ ಹಾಕಿದ್ದೆ. ಮಾರನೇ ದಿನ ಬಂದು ನೋಡ್ತೀನಿ, ಹೂವಿನ ಕೆಳಗೆ ಹಿತ್ತಾಳೆ ಚೂರು! ಹೊಸಾ ಚೂರು! ಸುರುಳಿ ಸುರುಳಿಯಾಗಿ! ಮಲಗಿದ್ದ ಯಂತ್ರವನ್ನ ಎಬ್ಬಿಸಿದಾರೆ ಇವ್ರು. ಅದು ಮುನಿಸಿಕೊಂಡಿದೆ."

ಕಾಳಿಯಪ್ಪ ಲೇತಿಗೆ ಎಣ್ಣೆ ಬಿಡುವ ಡಬ್ಬಿಯನ್ನು ಒರೆಸುತ್ತಿದ್ದ. ಅದು ಆಗಲೇ ಸಾಕಷ್ಟು ಚೊಕ್ಕಟವಾಗಿತ್ತು.

"ನಾಳೆ ಬೆಳಗ್ಗೆ ಸೂಲೂರಿನಿಂದ ಬೇರೆ ಒಬ್ಬರು ಬರ್ತಾರೆ," ಎಂದು ಆತ್ತಾ ತೀರ್ಪನ್ನು ಓದಿದರು. "ಕೈಗುಣ ಒಳ್ಳೇದಂತೆ. ಇವರು ಇನ್ನು ಮೇಲೆ ಬೇರೆ ಎಲ್ಲಾದ್ರೂ ನೋಡ್ಕೊಳ್ಳಲಿ."

ಟೀಚರ್ ನಾಚಿಮುತ್ತುವನ್ನು ನೋಡಿದರು. ಅವನು ನೆಲ ನೋಡಿದ.

"ಶನಿವಾರ ಕಂಪನಿ ಗಾಡಿ ಬರುತ್ತೆ ಟೀಚರ್. ಮುನ್ನೂರು ಪೀಸು ಕೊಡ್ಬೇಕು. ಕೊಡದೇ ಹೋದ್ರೆ ಆ ಕೆಲಸ ಪೀಳಮೇಡಿನವರಿಗೆ ಹೋಗುತ್ತೆ. ಅಮ್ಮ ಹಟ ಹಿಡಿದಿದಾರೆ. ಕಾಳಿಯಪ್ಪಣ್ಣ ಬೇಡ ಅಂತ ನನಗೇನಾದ್ರೂ ಇದೆಯಾ? ಇವತ್ತು ಸಂಜೆಯೊಳಗೆ ಲೇತ್ ಓಡಿದ್ರೆ ಅವರು ಇರ್ತಾರೆ. ಓಡದೇ ಇದ್ರೆ..." ಉಳಿದದ್ದನ್ನು ಅವನು ಹೇಳಲಿಲ್ಲ. ಎಲೆ ಅಡಿಕೆ ಕುಟ್ಟುವ ಸದ್ದು ಹೇಳಿತು.

ಹತ್ತು ಗಂಟೆಯಾಗಿತ್ತು. ಟೀಚರ್ ಮೊದಲು ಕೀಲಿಮಣೆಯನ್ನು ತಲೆಕೆಳಗು ಮಾಡಿ ತಟ್ಟಿದರು. ಕಡ್ಲೆಪುರಿ ಬಿತ್ತು. ಹುರಿಗಡಲೆ ಬಿತ್ತು. ಒಂದು ಚೂರು ಬೆಲ್ಲ, ಅದರ ಹಿಂದೆಯೇ ಸಾಲಾಗಿ ಇರುವೆಗಳು.

"ಇದೇನು?"

"ನೈವೇದ್ಯ," ಎಂದರು ಆತ್ತಾ. "ಲೇತಿಗೆ ಇಟ್ಟು ಕಂಪ್ಯೂಟರಿಗೆ ಇಡದೇ ಇದ್ರೆ ಅದಕ್ಕೆ ಬೇಜಾರಾಗಲ್ವಾ?"

ಇರುವೆಗಳು ನಿರಪರಾಧಿಗಳೆಂದು ಐದು ನಿಮಿಷದಲ್ಲಿ ತೀರ್ಮಾನವಾಯಿತು. ಟೀಚರ್ ವೈರನ್ನು ಕಿತ್ತಿಟ್ಟು ಕಂಪ್ಯೂಟರನ್ನು ಒಂದು ಗಂಟೆ ಓಡಿಸಿದರು: ಏನೂ ಆಗಲಿಲ್ಲ. ವೈರು ಚುಚ್ಚಿ ಸುಮ್ಮನೆ ಇಟ್ಟರು: ಆಗಲೂ ಏನಿಲ್ಲ. ಪ್ರೋಗ್ರಾಮ್ ಕಳಿಸು ಎಂದು ಒತ್ತಿದರು. ಪರದೆ ನೀಲಿಯಾಯಿತು. ಅಳುವ ಮುಖ ಬಂತು. ಆತ್ತಾ ಕೆನ್ನೆ ಬಡಿದುಕೊಂಡರು. ಟೀಚರ್ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದುಕೊಂಡು ಮತ್ತೆ ಒತ್ತಿದರು. ಮತ್ತೆ ನೀಲಿ. ಮೂರನೇ ಸಲವೂ ಒತ್ತಿದರು.

"ಯಾಕ್ ಟೀಚರ್ ಸತ್ತಿದ್ದನ್ನೇ ಮತ್ತೆ ಮತ್ತೆ ಸಾಯಿಸ್ತೀರಿ?" ಎಂದ ನಾಚಿಮುತ್ತು.

"ನೀನು ಲೋಯರ್ ಕಲಿಯೋವಾಗ ಒಂದು ಸಲ ತಪ್ಪು ಒತ್ತಿದಾಗ ನಾನು ಬೈದಿದ್ದೀನಾ?"

"ಇಲ್ಲ."

"ಮೂರು ಸಲ ಅದೇ ಜಾಗದಲ್ಲಿ ಅದೇ ಬೆರಳು ತಪ್ಪಿದಾಗ ಬೈದೆ. ಆಗ ತಾನೇ ಯಾವ ಬೆರಳು ಅಂತ ಗೊತ್ತಾಗೋದು?"

ಬಿದ್ದ ಕಂಪ್ಯೂಟರ್ ಸಾಯುವ ಮುಂಚೆ ಒಂದು ಮರಣಪತ್ರ ಬರೆದಿಟ್ಟು ಬೀಳುತ್ತದೆ. ಅದನ್ನು ಓದುವವರು ಕಡಿಮೆ, ಏಕೆಂದರೆ ಓದಿದರೆ ತಪ್ಪು ಯಾರದೆಂದು ತಿಳಿದುಬಿಡುತ್ತದೆ. ಟೀಚರ್ ಮೂರೂ ಪತ್ರ ತೆರೆದರು. ಮೂರರಲ್ಲೂ ಒಂದೇ ಹೆಸರು: ಆ ವೈರಿನ ಡ್ರೈವರ್. ಡ್ರೈವರ್ ಎಂದರೆ ಇಲ್ಲಿ ಗಾಡಿ ಓಡಿಸುವವನಲ್ಲ. ನಮ್ಮ ವ್ಯಾಪಾರದ ಮಾತಿನಲ್ಲಿ ದಲ್ಲಾಳಿ. ಕಂಪ್ಯೂಟರಿಗೆ ವೈರಿನ ಭಾಷೆ ಬಾರದು, ವೈರಿಗೆ ಕಂಪ್ಯೂಟರಿನದು ಬಾರದು. ನಡುವೆ ಎರಡೂ ಬಲ್ಲ ಒಬ್ಬ ಕೂತು ಮಾತು ಮುಟ್ಟಿಸುತ್ತಾನೆ. ಈ ದಲ್ಲಾಳಿ ಮಾತು ಮುಟ್ಟಿಸುವ ಬದಲು ತಾನು ಬಿದ್ದು, ಬೀಳುವಾಗ ಇಡೀ ಅಂಗಡಿಯನ್ನೂ ಎಳೆದುಕೊಂಡು ಬೀಳುತ್ತಿದ್ದ.

ಆದರೆ ಹಿಂದಿನ ವಾರ ನೆಟ್ಟಗಿದ್ದವನು ಈಗ ಯಾಕೆ ಬೀಳುತ್ತಾನೆ? ಆ ತುದಿಯಲ್ಲಿ ಲೇತೇ ಏನಾದರೂ ತಪ್ಪು ಮಾತಾಡಿ ಅವನನ್ನು ಬೀಳಿಸುತ್ತಿದ್ದರೆ? ಲೇತ್ ಸರಿಯಿದೆ ಎಂದು ರಿಪೇರಿಯವರು ಹೇಳಿದ್ದರು ನಿಜ, ಆದರೆ ಅವರು ಮುಚ್ಚಳ ತೆಗೆಯದೆ ಹೇಳಿದ್ದರು. ಟೀಚರ್ ಪುಸ್ತಕ ಹಿಡಿದು ಒಬ್ಬೊಬ್ಬರನ್ನೇ ಕೇಳಿಕೊಂಡು ಹೋದರು. ಗುಡಿಸುವ ಹೆಂಗಸು ಏನೂ ಮಾಡಿಲ್ಲವೆಂದು ಸಹಿ ಹಾಕಿದಳು. ಉಳಿದ ಮೂರು ಲೇತ್‌ಗಳವರೂ ಹಾಕಿದರು. ಆತ್ತಾ ಕೂಡ ನೈವೇದ್ಯ ಬಿಟ್ಟು ಬೇರೇನೂ ಮಾಡಿಲ್ಲವೆಂದು ಹೆಬ್ಬೆಟ್ಟು ಒತ್ತಿದರು.

ಕಾಳಿಯಪ್ಪ ಪೆನ್ನು ತೆಗೆದುಕೊಂಡ. ಹಿಡಿದುಕೊಂಡೇ ಇದ್ದ. ಆಮೇಲೆ ವಾಪಸು ಕೊಟ್ಟ.

"ಕೈ ತೊಳ್ಕೊಂಡು ಬರ್ತೀನಿ ಟೀಚರ್," ಎಂದು ಹಿತ್ತಿಲಿನ ನಲ್ಲಿಯ ಕಡೆ ನಡೆದ. ಟೀಚರ್ ಸ್ವಲ್ಪ ಹೊತ್ತು ಬಿಟ್ಟು ಹಿಂದೆಯೇ ಹೋದರು. ಹತ್ತು ವರ್ಷದಲ್ಲಿ ಆ ಪುಸ್ತಕಕ್ಕೆ ಸಹಿ ಹಾಕದ ಮೊದಲ ಮನುಷ್ಯ ಅವನು.

ನಲ್ಲಿ ಬಿಟ್ಟಿತ್ತು, ಕೈ ತೊಳೆಯುತ್ತಿರಲಿಲ್ಲ.

"ನಾನೇ ಟೀಚರ್. ಆತ್ತಾ ಹೇಳೋದು ನಿಜ."

"ಏನು ನಿಜ?"

"ಲೇತ್ ಎಬ್ಬಿಸಿದ್ದು. ಮನೇಲಿ ಗ್ರೈಂಡರ್ ನಿಂತ್ಹೋಗಿತ್ತು. ಅದರೊಳಗಿನ ಬುಷ್, ಆ ಹಿತ್ತಾಳೆ ಬಳೆ, ಸವೆದುಹೋಗಿತ್ತು. ಹಬ್ಬದ ದಿನ ಯಾವ ಅಂಗಡಿ ತೆಗೆದಿರುತ್ತೆ? ನಾಲ್ಕು ಸೇರು ಅಕ್ಕಿ ನೆನೆಸಿಟ್ಟಿದ್ಲು ನಮ್ಮವಳು. ಮಾರನೇ ದಿನ ಅವಳ ತಮ್ಮಂದಿರು ಸಂಸಾರ ಸಮೇತ ಬರೋರು, ಒಬ್ಬೊಬ್ಬರು ಹನ್ನೆರಡು ಇಡ್ಲಿ ತಿನ್ನೋರು. ಸಂಜೆ ಎಲ್ರೂ ಹೋದ್ಮೇಲೆ ಬಂದೆ. ಬೀಗದ ಕೈ ನನ್ ಹತ್ರಾನೇ ಇರುತ್ತೆ. ಬೇರೆಯವರ ಲೇತ್ ಮುಟ್ಟೋದು ಬೇಡ ಅಂತ ನನ್ನ ಲೇತಿಗೇ ಕೈ ಮುಗಿದೆ. ಒಂದೇ ಒಂದು ಹಿತ್ತಾಳೆ ಬುಷ್, ಕೈಚಕ್ರದಲ್ಲಿ ತಿರುಗಿಸಿ ಕಡೆದುಕೊಂಡೆ. ಹತ್ತು ನಿಮಿಷ. ಚೂರು ಒರೆಸಿದ್ದೆ, ಹೂವಿನ ಕೆಳಗೆ ನೋಡಲಿಲ್ಲ." ಅವನು ಮುಖಕ್ಕೆ ನೀರು ಎರಚಿಕೊಂಡ. "ಹತ್ತೊಂಬತ್ತು ವರ್ಷ ಅನ್ನ ಕೊಟ್ಟಿದ್ದನ್ನ ಮಲಗೋಕೆ ಬಿಡಲಿಲ್ಲ ನಾನು. ಅದು ಮುನಿಸಿಕೊಂಡ್ರೆ ತಪ್ಪಾ? ಸೂಲೂರಿನವರು ಬರಲಿ ಟೀಚರ್. ಮರುದಮಲೈ ದೇವಸ್ಥಾನಕ್ಕೆ ನಡ್ಕೊಂಡು ಹೋಗಿ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತಿದೀನಿ. ಇನ್ನೇನು ಮಾಡ್ಲಿ?"

"ಮುಡಿ ಇರಲಿ. ಆವತ್ತು ಸಂಜೆ ಲೇತ್ ಹೇಗೆ ಓಡ್ತು?"

"ಬೆಣ್ಣೆ ಕಡೆದಂಗೆ."

"ಸದ್ದು?"

"ಏನೂ ಇಲ್ಲ. ನಿದ್ದೆಗಣ್ಣಲ್ಲೂ ಸರಿಯಾಗಿ ಓಡ್ತು ಪಾಪ."

"ಅಂದ್ರೆ ಪೂಜೆ ಸಂಜೆ ಲೇತ್ ಚೆನ್ನಾಗಿತ್ತು. ಇದನ್ನ ಮೂರು ಜನ ಪಂಡಿತರಲ್ಲಿ ಯಾರಿಗೂ ಹೇಳೋಕಾಗಲಿಲ್ಲ. ಈಗ ಇದನ್ನ ಹೇಳಿ: ಆಗ ಕಂಪ್ಯೂಟರ್ ಮುಟ್ಟಿದ್ರಾ?"

"ಅಯ್ಯೋ ಇಲ್ಲ. ಬುಷ್‌ಗೆ ಕಂಪ್ಯೂಟರ್ ಯಾಕೆ? ಅದೂ ಅಲ್ದೆ ಅದು ಹಾಡ್ತಾ ಇತ್ತು. ಯಾರೂ ನಿಲ್ಲಿಸಿರಲಿಲ್ಲ."

"ಏನು ಹಾಡ್ತಾ ಇತ್ತು?"

"ದೇವರ ಹಾಡು. ಬೆಳಗ್ಗೆ ಪೂಜೆಯಿಂದಾನೂ ಹಾಡ್ತಿತ್ತಲ್ಲ."

ಟೀಚರ್ ನಲ್ಲಿ ನಿಲ್ಲಿಸಿದರು. ಆ ಕಂಪ್ಯೂಟರನ್ನು ಅಲ್ಲಿ ಕೂರಿಸಿದವರು ಅವರೇ. ಅದರಲ್ಲಿ ಒಂದು ಹಾಡೂ ಇರಲಿಲ್ಲ, ಇಂಟರ್ನೆಟ್ಟೂ ಇರಲಿಲ್ಲ. ಲೇತಿನ ಜೊತೆ ಬಿಟ್ಟರೆ ಇನ್ಯಾರ ಜೊತೆಯೂ ಮಾತಾಡದಂತೆ, ಹೊರಗಿನ ಗಾಳಿ ಸೋಕದಂತೆ ಅದನ್ನು ಬೆಳೆಸಿದ್ದರು.

ಒಳಗೆ ಬಂದು ನಾಚಿಮುತ್ತುವಿನ ಎದುರು ನಿಂತರು.

"ಪೂಜೆ ದಿನ ಹಾಡು ಎಲ್ಲಿಂದ ಬಂತು?"

"ಅದಾ? ಹಳೇ ಟೇಪ್ ಕೆಟ್ಟಿತ್ತು ಟೀಚರ್. ನನ್ನ ಇನ್ನೊಂದು ಫೋನನ್ನ ರಾತ್ರಿವರೆಗೂ ಇಲ್ಲೇ ಇಟ್ಟು, ಅದರ ನೆಟ್ ಕಂಪ್ಯೂಟರಿಗೆ ಕೊಟ್ಟು ಹಾಡು ಹಚ್ಚಿದೆ. ದೊಡ್ಡ ಸ್ಪೀಕರ್ ಇದೆಯಲ್ಲ. ಪಕ್ಕದ ಕಾರ್ಖಾನೆಯವರೂ ಬಂದು ಕೇಳಿದ್ರು."

"ಏನೂ ಮಾಡಿಲ್ಲ ಅಂತ ಸಹಿ ಹಾಕಿದ್ದೆ."

"ಅದು ಮಾಡಿದ್ದಾ ಟೀಚರ್? ಅದು ಭಕ್ತಿ."

ಟೀಚರ್ ಪರದೆಯ ಮೇಲೆ ಡ್ರೈವರಿನ ಜಾತಕ ತೆರೆದು ತೋರಿಸಿದರು. ಬಂದು ಕೂತ ದಿನ: ಆಯುಧಪೂಜೆ. ಹೊತ್ತು: ಹನ್ನೊಂದು ಗಂಟೆ ನಲವತ್ತು ನಿಮಿಷ.

"ಹನ್ನೊಂದು ನಲವತ್ತಕ್ಕೆ ಏನು ನಡೀತಿತ್ತು?"

"ಮಹಾಮಂಗಳಾರತಿ," ಎಂದರು ಆತ್ತಾ ಹೆಮ್ಮೆಯಿಂದ.

"ನೀವು ಮುಂದೆ ಕಣ್ಣು ಮುಚ್ಚಿಕೊಂಡಿದ್ದಾಗ ಅದು ಹಿಂದೆ ದಲ್ಲಾಳಿ ಬದಲಾಯಿಸಿಕೊಂಡಿದೆ. ನೆಟ್ ಸಿಕ್ಕಿದ ಕೂಡ್ಲೇ ಕಂಪ್ಯೂಟರ್ ತಾನಾಗೇ ಹೊಸಬರನ್ನ ತರಿಸಿಕೊಳ್ಳುತ್ತೆ, ಯಾರನ್ನೂ ಕೇಳಲ್ಲ. ಹಳಬರು ನಾಲ್ಕು ವರ್ಷ ಈ ವೈರಿನ ಜೊತೆ ಹೊಂದಿಕೊಂಡು ಹೋಗಿದ್ರು. ಹೊಸಬರಿಗೆ ಆಗ್ತಾ ಇಲ್ಲ. ಮಾರನೇ ದಿನ ಮೊದಲನೇ ಸಲ ಪ್ರೋಗ್ರಾಮ್ ಕಳಿಸಿದಾಗ ಬಿದ್ರು. ಲೇತ್ ಎದ್ದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಹಳಬರನ್ನೇ ವಾಪಸ್ ಕರೀರಿ ಮತ್ತೆ!"

"ವೈರಿನ ಜೊತೆ ಒಂದು ಚಿಕ್ಕ ಸಿ.ಡಿ. ಬಂದಿತ್ತು. ಹಳಬರು ಅದರೊಳಗಿದಾರೆ. ಜೋಪಾನ ಮಾಡು ಅಂತ ನಿನ್ನ ಕೈಗೆ ಕೊಟ್ಟಿದ್ದೆ. ಎಲ್ಲಿದೆ?"

ನಾಚಿಮುತ್ತು ತಾಯಿಯನ್ನು ನೋಡಿದ. ಆತ್ತಾ ಕಿಟಕಿಯಾಚೆ ಮನೆಯ ತಾರಸಿಯ ಕಡೆ ನೋಡಿದರು. ಒಣಹಾಕಿದ ಸಂಡಿಗೆಯ ಮೇಲೆ ಕಟ್ಟಿದ ಹಗ್ಗದಲ್ಲಿ, ಮಳೆ ಬಿಸಿಲು ಕಂಡು ಕನ್ನಡಿಯಂತೆ ಅರ್ಧ ಸುಲಿದುಹೋದ ಪುಟ್ಟ ಸಿ.ಡಿ. ತಿರುಗುತ್ತಿತ್ತು.

"ಕಾಗೆ ಒಂದೂ ಬರ್ಲಿಲ್ಲಾರೀ," ಎಂದರು ಆತ್ತಾ. "ಒಳ್ಳೇ ಸಾಮಾನು ಅದು."

ಹನ್ನೆರಡೂವರೆಯ ಬಿಸಿಲಿನಲ್ಲಿ ಟೀಚರ್ ಆ ವೈರನ್ನು ಚೀಲಕ್ಕೆ ಹಾಕಿಕೊಂಡು ಮೊಪೆಡ್ ಹತ್ತಿದರು. ಹೊಸ ಸಿ.ಡಿ. ಸಿಕ್ಕೀತೆಂದು ವೈರು ಮಾರಿದ ಅಂಗಡಿಗೇ ಬಂದರು. ನೂರಡಿ ರಸ್ತೆಯಲ್ಲಿ ಆ ಅಂಗಡಿ ಯಾರದೆಂದು ಓದುಗರು ಊಹಿಸುತ್ತಾ ಕೂರುವುದು ಬೇಡ. ನನ್ನದೇ.

"ಇದು ನಿಮ್ಮಲ್ಲಿ ತಗೊಂಡಿದ್ದು," ಎಂದು ವೈರನ್ನು ಗಾಜಿನ ಮೇಲೆ ಇಟ್ಟರು.

"ಒರಿಜಿನಲ್ ಟೀಚರ್ ಅದು."

"ನಿಮ್ಮಲ್ಲಿ ಒರಿಜಿನಲ್ ಎಷ್ಟು ಥರ ಇದೆ?"

"ಮೂರು. ಒರಿಜಿನಲ್, ಒಳ್ಳೇ ಒರಿಜಿನಲ್, ಕಂಪನಿ ಒರಿಜಿನಲ್."

ಟೀಚರ್ ನನ್ನನ್ನು ಸುಮ್ಮನೆ ನೋಡಿದರು. ಬೆಲೆ ಹೇಳದೇ ಇದ್ದಾಗಲೂ ಆ ನೋಟ ಕೆಲಸ ಮಾಡುತ್ತದೆಂದು ಅವತ್ತು ತಿಳಿಯಿತು. ಸಿ.ಡಿ. ಇಲ್ಲವೆಂದು ನಾನು ಹೇಳುವಷ್ಟರಲ್ಲಿ ಅವರು ಚೀಲದಿಂದ ಬ್ಲೇಡು ತೆಗೆದು ವೈರಿನ ಪ್ಲಗ್ಗನ್ನು ಉದ್ದಕ್ಕೆ ಸೀಳಿದ್ದರು. ಒಳಗೆ ಉಗುರಿನಷ್ಟು ಹಲಗೆ, ಅದರ ಮೇಲೆ ಎಳ್ಳುಂಡೆಯ ಚೂರಿನಷ್ಟು ಚಿಪ್, ಅದರ ಮೇಲೆ ದೊಡ್ಡ ಕಂಪನಿಯೊಂದರ ಹೆಸರು. ಹತ್ತಿಗೆ ಉಗುರುಬಣ್ಣ ಅಳಿಸುವ ದ್ರಾವಣ ಅದ್ದಿ ಒಂದು ಸಲ ಒರೆಸಿದರು. ಹೆಸರು ಹತ್ತಿಗೆ ಬಂತು. ಚಿಪ್ಪಿನ ಮೇಲೆ ಏನೂ ಉಳಿಯಲಿಲ್ಲ.

"ಇದು ಸುಳ್ಳು ಹೆಸರು ಹೇಳುತ್ತೆ," ಎಂದರು. "ಹಳೇ ಡ್ರೈವರ್ ನಂಬಿ ಸುಮ್ಮನಿರ್ತಿತ್ತು. ಹೊಸ ಡ್ರೈವರ್ ಕುಲಗೋತ್ರ ವಿಚಾರಿಸುತ್ತೆ."

"ವಿಚಾರಿಸಲಿ ಟೀಚರ್. ಇಷ್ಟ ಇಲ್ಲ ಅಂದ್ರೆ ಬೇಡ ಅನ್ನಲಿ. ಅದಕ್ಕೆ ಇಡೀ ಕಂಪ್ಯೂಟರ್ ಬೀಳಿಸೋದಾ?"

"ಅದು ಆ ಡ್ರೈವರ್ ಬರೆದವರ ಅವಲಕ್ಷಣ. ಸುಳ್ಳು ಹೇಳಿದವರು ಒಬ್ರು, ಸಿಟ್ಟು ಮಾಡ್ಕೊಂಡವರು ಇನ್ನೊಬ್ರು, ಮಾರಿದವರು ನೀವು. ನಾಳೆ ಬೆಳಗ್ಗೆ ಕೆಲಸ ಹೋಗೋದು ಮಾತ್ರ ಕಾಳಿಯಪ್ಪನದು."

ಯಾವ ಕಾಳಿಯಪ್ಪ ಎಂದು ಕೇಳಿದೆ. ಹೇಳಿದರು. ಬುಷ್, 'ಬಾಮೈದಂದಿರ ಇಡ್ಲಿ', ಮರುದಮಲೈ ಹರಕೆ, ಎಲ್ಲವನ್ನೂ ನಿಂತುಕೊಂಡೇ ಹೇಳಿದರು. ಸಿ.ಡಿ. ಹುಡುಕುವುದರಲ್ಲಿ ಅರ್ಥವಿಲ್ಲ, ಇವತ್ತು ಹಳೆಯ ಡ್ರೈವರ್ ಹಾಕಿದರೆ ಮುಂದಿನ ಹಬ್ಬಕ್ಕೆ ನಾಚಿಮುತ್ತು ಮತ್ತೆ ಭಕ್ತಿ ಮಾಡುತ್ತಾನೆ, ಹಾಗಾಗಿ ಹೆಸರು ಅಳಿಯದ ವೈರು ಬೇಕು ಎಂದರು. 'ಒಳ್ಳೇ ಒರಿಜಿನಲ್' ಒಂದನ್ನು ಸೀಳಿದರು: ಹೆಸರು ಹತ್ತಿಗೆ ಬಂತು. ಮೂರನೇ ಬಗೆಯದನ್ನು ನಾನೇ ಗಾಜಿನ ಕೆಳಗಿನಿಂದ ತೆಗೆದುಕೊಟ್ಟೆ. ಅದರ ಬಗ್ಗೆಯೂ ನನಗೆ ಖಚಿತವಿರಲಿಲ್ಲ. ಒರೆಸಿದರು. ಮತ್ತೆ ಒರೆಸಿದರು. ಹತ್ತಿ ಬೆಳ್ಳಗೇ ಉಳಿಯಿತು. ಇಬ್ಬರೂ ಉಸಿರು ಬಿಟ್ಟೆವು. ನನ್ನದು ಹೆಚ್ಚು ಉದ್ದವಾಗಿತ್ತು.

ಸೀಳಿದ ಪ್ಲಗ್ಗಿಗೆ ಟೇಪು ಸುತ್ತಿಕೊಂಡು ಅವರು ಹೊರಟರು. ಮೆಟ್ಟಿಲಿನಲ್ಲಿ ತಿರುಗಿ, "ಗಣಪತಿಯಲ್ಲಿ ಈ ಮೊದಲನೇ ಥರದ್ದು ಎಷ್ಟು ಜನಕ್ಕೆ ಕೊಟ್ಟಿದೀರಿ?" ಎಂದರು.

"ಹನ್ನೊಂದು."

"ಹನ್ನೊಂದು ಕಾರ್ಖಾನೆಯಲ್ಲೂ ಒಬ್ಬೊಬ್ಬ ಕಾಳಿಯಪ್ಪ ಇರ್ತಾರೆ," ಎಂದು ಹೇಳಿ ಮೊಪೆಡ್ ಒದ್ದರು.

ಎರಡೂವರೆಗೆ ಕಾರ್ಖಾನೆಯಲ್ಲಿ ಹೊಸ ವೈರು ಕೂತಿತು. ಆತ್ತಾ ಅದಕ್ಕೆ ಗಂಧ ಹಚ್ಚಲು ಬಟ್ಟಲು ತಂದಿದ್ದರು. ಪ್ಲಗ್ಗಿನ ಬಾಯಿಗೆ ಬೇಡ, ಬಾಲಕ್ಕೆ ಹಚ್ಚಿ ಎಂದು ಟೀಚರ್ ರಾಜಿ ಮಾಡಿಕೊಂಡರು. ಕಾಳಿಯಪ್ಪ ಲೇತಿನ ಮುಂದೆ ನಿಂತಿದ್ದ, ಆದರೆ ಎರಡು ಹೆಜ್ಜೆ ದೂರದಲ್ಲಿ, ಬೇರೆಯವರ ಮನೆಗೆ ಬಂದವನಂತೆ.

ಟೀಚರ್ ಒತ್ತಿದರು. ಕುಟ್ಟಾಣಿ ನಿಂತಿತು. ಪರದೆಯ ಮೇಲೆ ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ತೆವಳಿತು. ನೂರಕ್ಕೆ ನೂರು. ನೀಲಿಯೂ ಇಲ್ಲ, ಅಳುವ ಮುಖವೂ ಇಲ್ಲ. ಟೀಚರ್ ಎರಡನೇ ಸಲ ಒತ್ತಿದರು. ಮೂರನೇ ಸಲ ಒತ್ತಿದರು. ಆಮೇಲೆ ಕಾಳಿಯಪ್ಪನ ಕಡೆ ತಲೆಯಾಡಿಸಿದರು. ಅವನು ಎರಡು ಹೆಜ್ಜೆ ಮುಂದೆ ಬಂದು ಗುಂಡಿ ಒತ್ತಿದ. ಲೇತ್ ತಿರುಗಿತು.

ಮೊದಲ ಪೀಸು ಅಳತೆಗೆ ಸರಿಯಾಗಿ ಬಂದಾಗ ನಾಚಿಮುತ್ತು ಸೂಲೂರಿನವರಿಗೆ ಫೋನ್ ಮಾಡಲು ಜೇಬಿಗೆ ಕೈಹಾಕಿದ.

"ನಿಲ್ಲಿ ಸಾಮಿ," ಎಂದರು ಆತ್ತಾ ಮಗನಿಗೆ. "ವೈರಿನ ವಿಷಯ ಆಯ್ತು. ಹಿತ್ತಾಳೆ ಚೂರಿನ ವಿಷಯ ಆಗಿಲ್ಲ."

ಟೀಚರ್ ಬಾಯಿ ತೆರೆದರು. ಅಷ್ಟರಲ್ಲಿ ಕಾಳಿಯಪ್ಪ ಲೇತ್ ನಿಲ್ಲಿಸಿ ಕುರ್ಚಿಯ ಮುಂದೆ ಬಂದು ನಿಂತಿದ್ದ.

"ನಾನೇ ಆತ್ತಾ. ಪೂಜೆ ಸಂಜೆ ಓಡಿಸಿದೆ. ಗ್ರೈಂಡರಿಗೆ ಬುಷ್ ಮಾಡ್ಕೊಂಡೆ. ಚೂರು ಹಿತ್ತಾಳೆನೂ ಇಲ್ಲಿದೇ, ಕೇಳದೇ ತಗೊಂಡೆ."

ಆತ್ತಾ ಕುಟ್ಟಾಣಿಯನ್ನು ಕೆಳಗಿಟ್ಟರು.

"ಅವರು ಅದನ್ನ ಒಪ್ಪಿಕೊಳ್ಳದೇ ಇದ್ದಿದ್ರೆ ಲೇತ್ ಸರಿ ಇದೆ ಅಂತ ನನಗೆ ಗೊತ್ತಾಗ್ತಿರಲಿಲ್ಲ ಆತ್ತಾ," ಎಂದರು ಟೀಚರ್. "ಇನ್ನೂ ಲೇತನ್ನೇ ಬಿಚ್ಚಿಕೊಂಡು ಕೂತಿರ್ತಿದ್ದೆ."

"ಗ್ರೈಂಡರ್ ಓಡ್ತಾ?" ಎಂದು ಆತ್ತಾ ಕಾಳಿಯಪ್ಪನನ್ನು ಕೇಳಿದರು.

"ಓಡ್ತು ಆತ್ತಾ."

"ಇಡ್ಲಿ ಮೆತ್ತಗೆ ಬಂತಾ?"

"ಬಂತು."

"ಮೆತ್ತಗೆ ಬಂದಿದ್ರೂ ನನಗೆ ಎರಡು ತಂದುಕೊಡಬೇಕು ಅನ್ನಿಸ್ಲಿಲ್ಲ ನಿಮಗೆ! ಅದೇ ತಪ್ಪು. ನಾಳೆ ಒಂದು ಬೂದುಗುಂಬಳ ತಂದು ಲೇತಿನ ಮುಂದೆ ಒಡೀರಿ, ಇಡ್ಲಿ ತಂದು ನನ್ನ ಮುಂದೆ ಇಡ್ರಿ. ಆ ಸೂಲೂರಿನವರಿಗೆ ಬರಬೇಡಿ ಅಂತ ಹೇಳಿ ಸಾಮಿ." ಕುಟ್ಟಾಣಿ ಮತ್ತೆ ಶುರುವಾಯಿತು. "ಟೀಚರಮ್ಮ ಏನೇ ಹೇಳಲಿ, ದಲ್ಲಾಳಿ ಗಿಲ್ಲಾಳಿ ಅಲ್ಲಾರೀ. ಆ ನೆಟ್ಟಿನ ಹಾಡಿನ ಮಧ್ಯೆ ಮಧ್ಯೆ ಸೋಪಿನ ಜಾಹೀರಾತು ಬರ್ತಿತ್ತಲ್ಲ, ಮಂಗಳಾರತಿ ನಡುವೆ! ದೇವರಿಗೆ ಸಿಟ್ಟು ಬಂದದ್ದು ಅದಕ್ಕೇ. ನಾನು ಆಗಲೇ ಅಂದ್ಕೊಂಡೆ."

ಟೀಚರ್ ವಾದಕ್ಕೆ ಹೋಗಲಿಲ್ಲ. ನೆಟ್ ಕೊಡಬಾರದೆಂಬುದು ಇಬ್ಬರ ತೀರ್ಮಾನವೂ ಆಗಿದ್ದರಿಂದ ಕಾರಣ ಯಾವುದಾದರೇನು ಎಂದು, ಕಾಫಿಗೆ ವರ್ಕಿ ಬಿಸ್ಕತ್ತು ಅದ್ದಿಕೊಂಡು ತಿಂದು, ಮುಂದಿನ ಕರೆಗೆ ಹೋದರು. ಶನಿವಾರ ಕಂಪನಿ ಗಾಡಿ ಮುನ್ನೂರು ಪೀಸು ಹೊತ್ತುಕೊಂಡು ಹೋಯಿತು.

ಶುಕ್ರವಾರ ನಾನು ಅಂಗಡಿಗೆ ಅರ್ಧ ದಿನ ಬೀಗ ಹಾಕಿ, ಉಳಿದ ಹತ್ತು ಕಾರ್ಖಾನೆಗಳಿಗೆ ಹೋಗಿ ವೈರು ಬದಲಿಸಿಕೊಟ್ಟು ಬಂದೆ. ಯಾಕೆಂದು ಕೇಳಿದವರಿಗೆ ಕಂಪನಿಯ ಹೊಸ ಯೋಜನೆ ಎಂದೆ. ಅಷ್ಟರ ಮಟ್ಟಿಗೆ ನಾನು ಇನ್ನೂ ವ್ಯಾಪಾರಿಯೇ. ಆದರೆ ಅಂದಿನಿಂದ ಯಾವ ಪೆಟ್ಟಿಗೆ ಬಂದರೂ ಅದರಿಂದ ಒಂದನ್ನು ಸೀಳಿ, ಹತ್ತಿಯಿಂದ ಒರೆಸಿ ನೋಡದೆ ಉಳಿದದ್ದನ್ನು ಮಾರುವುದಿಲ್ಲ. ಹಾಗೆ ನೋಡುವುದನ್ನು ಕಲಿಸಿದವರು ಮರಗತಂ ಟೀಚರ್. ನಾನು ಮಾರಿದ ವೈರಿನಿಂದ ಒಬ್ಬ ಮನುಷ್ಯನ ಕೆಲಸ ಹೋಗುವುದರಲ್ಲಿತ್ತು, ಅವರು ಅದನ್ನು ತಡೆದರು. ಅದಕ್ಕೆ ನಾನು ಅವರಿಗೆ ಋಣಿ.